ಠಣ್ಣಪ್ಪ ರೈಲು ಹತ್ತಿದ ದಿನ

ಮೂವತ್ತೊಂದು ವರ್ಷ ಒಂದೇ ರೈಲುದಾರಿಯ ಮೇಲೆ ನಡೆದು ಚಪ್ಪಲಿ ಸವೆಸಿದ ಮನುಷ್ಯ ಆ ರೈಲನ್ನು ಒಂದು ಸಲವೂ ಹತ್ತಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಬೇಕಿದ್ದರೆ ಅವನ ಹೆಂಡತಿಯನ್ನು ಕೇಳಿ. ಆಣೆ ಮಾಡಿ ಹೇಳುತ್ತಾಳೆ, ಜೊತೆಗೆ ಇನ್ನೂ ನಾಲ್ಕು ಮಾತು ಸೇರಿಸಿಯೇ ಹೇಳುತ್ತಾಳೆ.

ಅದು ಹಳೇ ಕಾಲದ ಉಗಿಬಂಡಿ. ಮರದ ಡಬ್ಬಿಗಳು ಐದು. ಎಲ್ಲಿಗೂ ಹೋಗುವ ಜರೂರಿಲ್ಲದ ಜನರನ್ನು ಕೂರಿಸಿಕೊಂಡು ಬೆಳಿಗ್ಗೆ ಬೆಟ್ಟ ಹತ್ತುವುದು, ಅವರಿಗೆ ಕಣಿವೆ, ಜಲಪಾತ, ಎತ್ತರದ ಸೇತುವೆ ತೋರಿಸುವುದು, ಸಂಜೆಗೆ ಇಳಿದು ಬರುವುದು, ಇಷ್ಟೇ ಅದರ ಉದ್ಯೋಗ. ರೈಲು ಹೊರಡುವ ಮೊದಲು ಆ ದಾರಿಯನ್ನು ನಡೆದು ನೋಡುವವನು ಇವನು. ಹೆಗಲಿಗೆ ಉದ್ದದ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ. ಎರಡು ಹಳಿ ಕೂಡುವ ಪ್ರತಿ ಜಾಗದಲ್ಲೂ, ಅಂದರೆ ಪ್ರತಿ ಜೋಡಿನಲ್ಲೂ, ನಿಂತು ಒಂದು ಪೆಟ್ಟು ಕೊಡುತ್ತಿದ್ದ. ‘ಠಣ್’ ಅಂದರೆ ಬೋಲ್ಟು ಬಿಗಿಯಾಗಿದೆ, ಮುಂದೆ ನಡೆ. ‘ಡಬ್’ ಅಂದರೆ ಸಡಿಲ, ಕೂತು ಬಿಗಿ ಮಾಡು. ಅದರಿಂದಲೇ ಅವನಿಗೆ ಠಣ್ಣಪ್ಪ ಅಂತ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ನಿವೃತ್ತಿಯ ದಿನ ಕಚೇರಿಯವರು ಹಾರ ಹಾಕಿ, ಒಂದು ಗೋಡೆ ಗಡಿಯಾರದ ಜೊತೆಗೆ ಅದೇ ರೈಲಿಗೆ ಎರಡು ಟಿಕೆಟ್ಟು ಕೊಟ್ಟರು. ಆರು ತಿಂಗಳೊಳಗೆ ಯಾವತ್ತಾದರೂ ಹೋಗಬಹುದಿತ್ತು. ಠಣ್ಣಪ್ಪ ಇವತ್ತು ಸೊಂಟ ನೋವು, ನಾಳೆ ನೆಂಟರು ಅಂತ ಮುಂದಕ್ಕೆ ತಳ್ಳುತ್ತಲೇ ಬಂದ. ಕೊನೆಗೆ ಹೆಂಡತಿ ಟಿಕೆಟ್ಟನ್ನು ಅವನ ಮೂಗಿನ ಮುಂದೆ ಹಿಡಿದಳು.

“ಮೂವತ್ತೊಂದು ವರ್ಷ ನಿಮ್ಮ ರೈಲಿಗೋಸ್ಕರ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟಿದೀನಿ ರೀ. ಒಂದು ಸಲ ಹತ್ತಿಸಿದ್ರಾ? ಈ ಶುಕ್ರವಾರ ಕೊನೇ ದಿನ. ನೀವು ಬರದಿದ್ರೆ ಪಕ್ಕದ ಮನೆಯವಳನ್ನ ಕರ್ಕೊಂಡು ಹೋಗ್ತೀನಿ, ನೋಡ್ತಿರಿ.”

ಅವನು ತಪ್ಪಿಸಿಕೊಳ್ಳುತ್ತಿದ್ದುದಕ್ಕೆ ನಿಜವಾದ ಕಾರಣ ಬೇರೆ. ಅವನ ಜಾಗಕ್ಕೆ ಈಗ ಬಂದವಳು ಅವನ ಮಗಳೇ. ಯಾರ ಶಿಫಾರಸೂ ಇಲ್ಲದೆ ಪರೀಕ್ಷೆ ಬರೆದು, ಭಾರ ಎತ್ತಿ, ಓಡಿ ತೋರಿಸಿ ಗಳಿಸಿದ ಕೆಲಸ. ಆರು ತಿಂಗಳು ಕೆಲಸ ನೋಡಿ, ಆಮೇಲೆ ಕಾಯಂ. ಈ ಆರು ತಿಂಗಳಲ್ಲಿ ಹಳಿಯ ಕಾರಣಕ್ಕೆ ರೈಲು ಒಂದು ಸಲ ನಿಂತಿತು ಅಂತ ದಾಖಲಾದರೂ ಕಾಯಂ ಆಗುವುದು ಅನುಮಾನ. ಹೆಂಗಸಿನ ಕೈಗೆ ಸುತ್ತಿಗೆ ಕೊಟ್ಟದ್ದಕ್ಕೆ ಮೊದಲೇ ಮೂಗು ಮುರಿದಿದ್ದ ಮೇಲ್ವಿಚಾರಕ ಅದಕ್ಕಾಗಿಯೇ ಕಾದು ಕೂತಿದ್ದ. ಆ ಶುಕ್ರವಾರಕ್ಕೆ ಅವಳಿಗೆ ಉಳಿದದ್ದು ಇನ್ನು ಮೂರೇ ದಿನ. ಠಣ್ಣಪ್ಪನಿಗೆ ಮಗಳ ಮೇಲೆ ಪ್ರಾಣ. ಆದರೆ ಅವಳು ನೋಡಿದ ಹಳಿಯ ಮೇಲೆ ಓಡುವ ರೈಲಿನಲ್ಲಿ ಕೂರಲು ಮಾತ್ರ ಅವನಿಗೆ ಧೈರ್ಯವಿರಲಿಲ್ಲ. ಎರಡೂ ನಿಜ.

ಶುಕ್ರವಾರ ಮೂರನೇ ಡಬ್ಬಿಯಲ್ಲಿ ಜಾಗ ಸಿಕ್ಕಿತು. ಹೆಂಡತಿ ಕಿಟಕಿ ಪಕ್ಕ ಕೂತು ಸೆರಗು ಸರಿಮಾಡಿಕೊಂಡಳು. ಎದುರಿಗೆ ಅಗಲವಾದ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡ ಅವಳ ಗಂಡ. ರೈಲು ಕೂಗು ಹಾಕಿ ಹೊರಟಿತು. ಎಲ್ಲರೂ ಕಿಟಕಿಗೆ ಮುಖ ಒತ್ತಿದರು. ಠಣ್ಣಪ್ಪ ಒಬ್ಬನೇ ನೆಲ ನೋಡಿದ.

ಇಷ್ಟು ವರ್ಷ ಅವನು ಈ ರೈಲಿನ ಸದ್ದು ಕೇಳಿದ್ದು ಹಳಿಯ ಪಕ್ಕದಲ್ಲಿ, ಜಲ್ಲಿಯ ಮೇಲೆ ನಿಂತುಕೊಂಡು. ಈಗ ಅದೇ ಸದ್ದು ಕಾಲ ಕೆಳಗಿನಿಂದ ಬಂದು ಮೊಣಕಾಲಿಗೆ ಏರುತ್ತಿತ್ತು. ಒಂದಾದರೂ ಗುರುತಿನ ಸದ್ದಿಲ್ಲ. ಎಲ್ಲೋ ಕಿರ್ ಅಂದಿತು, ಎದ್ದು ನಿಂತ. ಎಲ್ಲೋ ಗಡಗಡ ಅಂದಿತು, ಬಾಗಿ ಹಲಗೆಗೆ ಅಂಗೈ ಊರಿದ. ಬಾಗಿಲಿನವರೆಗೆ ಹೋಗಿ ಹಿಂದೆ ಬಂದ, ಮತ್ತೆ ಹೋದ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡುವ ಈ ಮುದುಕನನ್ನು ದುರ್ಬೀನಿನವನು ಕಣಿವೆ ಬಿಟ್ಟು ನೋಡತೊಡಗಿದ.

“ಕೂತ್ಕೊಳ್ರೀ, ಮಾನ ಹೋಗ್ತಿದೆ,” ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಅಲ್ನೋಡಿ, ಜಲಪಾತ.”

“ನೋಡಿದೀನಿ.”

“ನೀವು ನೋಡಿದೀರಿ. ನಾನು ನೋಡಿಲ್ವಲ್ಲ. ನನ್ನ ಜೊತೆ ಒಂದು ಸಲ ನೋಡಿದ್ರೆ ಗಂಟೇನು ಹೋಗುತ್ತೆ?”

ಕೂತ. ಜಲಪಾತದ ಕಡೆ ಮುಖ ಮಾಡಿದ. ಕಿವಿ ಮಾತ್ರ ನೆಲದಲ್ಲೇ ಇತ್ತು. ಹದಿನಾಲ್ಕನೇ ಕಂಬ ದಾಟಿತು, ಇಲ್ಲಿ ಹಳಿಯಡಿಯ ಮರದ ದಿಮ್ಮಿ ಹೊಸದು. ಇಪ್ಪತ್ತನೆಯದು, ಇಲ್ಲಿ ನೀರು ನಿಲ್ಲುತ್ತೆ. ಮಗಳು ಚರಂಡಿ ಕೆದಕಿದಾಳೋ ಇಲ್ಲವೋ. ಟೋಪಿಯ ಹೆಂಗಸು ಒಂದು ಬಿಸ್ಕತ್ತು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪುಡಿ ಮಾಡಿದ.

ಸೇತುವೆಗೆ ಸ್ವಲ್ಪ ಮೊದಲು ದಾರಿ ಎಡಕ್ಕೆ ಬಿಗಿಯಾಗಿ ತಿರುಗುತ್ತದೆ. ಬೆಟ್ಟದಲ್ಲಿ ಅಂಥ ತಿರುವು ಅದೊಂದೇ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ರೈಲು ತಿರುಗಲು ಶುರು ಮಾಡಿದ್ದೇ ತಡ, ಠಣ್ಣಪ್ಪನ ಪಾದದಡಿ ‘ಡಬ್’ ಅಂದಿತು.

ಅವನು ಎದ್ದು ನಿಂತ. ಮುಂದಿನ ಜೋಡು ಬಂತು. ಡಬ್. ಅದರ ಮುಂದಿನದು. ಡಬ್. ಒಂದು ಬೋಲ್ಟಲ್ಲ, ಇಡೀ ತಿರುವೇ ಸಡಿಲ! ಮುಂದಿರುವುದು ಸೇತುವೆ. ಐದು ಡಬ್ಬಿ ತುಂಬಾ ಜನ. ಕೈ ಮೇಲೆತ್ತಿ ಚೈನು ಹಿಡಿದ. ಹಿಡಿದವನು ಎಳೆಯಲಿಲ್ಲ. ಎಳೆದರೆ ಮಗಳ ಕೆಲಸ ಇವತ್ತಿಗೆ ಮುಗಿಯಿತು, ಅದೂ ಅಪ್ಪನ ಕೈಯಾರೆ.

ಡಬ್.

ಎಳೆದ.

ರೈಲು ನರಳುತ್ತಾ ನಿಂತಿತು. ಬುತ್ತಿಗಳು ಜಾರಿದವು, ಡಬ್ಬಿಯಲ್ಲಿ ಗುಲ್ಲೆದ್ದಿತು. ಠಣ್ಣಪ್ಪ ಆಗಲೇ ಕೆಳಗೆ ಹಾರಿ ಹಿಂದಕ್ಕೆ ಓಡುತ್ತಿದ್ದ. ಕೈಯಲ್ಲಿ ಸುತ್ತಿಗೆ ಇಲ್ಲ. ಜಲ್ಲಿಯಲ್ಲಿ ಬಿದ್ದಿದ್ದ ಒಂದು ದಪ್ಪ ಕಲ್ಲನ್ನೇ ಎತ್ತಿಕೊಂಡು, ರೈಲು ದಾಟಿ ಬಂದ ಮೊದಲ ಜೋಡಿಗೆ ಬಾರಿಸಿದ.

ಠಣ್.

ಎರಡನೆಯದು. ಠಣ್. ಮೂರನೆಯದು, ನಾಲ್ಕನೆಯದು, ಆ ಕಡೆ ಹಳಿ, ಈ ಕಡೆ ಹಳಿ. ಎಲ್ಲ ಠಣ್. ಬೋಲ್ಟುಗಳ ಮೇಲೆ ಬೆಳಿಗ್ಗೆಯಷ್ಟೇ ಹಚ್ಚಿದ ಎಣ್ಣೆ ಹೊಳೆಯುತ್ತಿತ್ತು. ಚರಂಡಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಅವನು ಕೂಡ ಈ ತಿರುವನ್ನು ಇಷ್ಟು ಚೊಕ್ಕಟವಾಗಿ ಇಟ್ಟಿರಲಿಲ್ಲ. ಸಂತೋಷಪಡಬೇಕಾದವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕೊನೆಯ ಡಬ್ಬಿಯಿಂದ ಗಾರ್ಡು ಬಂದ. ಇಪ್ಪತ್ತು ವರ್ಷದ ಪರಿಚಯ, ಒಟ್ಟಿಗೆ ಬೀಡಿ ಸೇದಿದವನು.

“ಏನಾಯ್ತಣ್ಣಾ? ಯಾವ ಡಬ್ಬಿಲಿದ್ದೆ?”

“ಮೂರನೇದು. ಕಾಲ ಕೆಳಗೆ ಡಬ್ ಡಬ್ ಅಂತು.”

ಗಾರ್ಡು ಹಣೆ ಚಚ್ಚಿಕೊಂಡ. “ಅಯ್ಯೋ ದೇವರೇ, ಆ ಮುದಿ ಡಬ್ಬಿ ಎಡಕ್ಕೆ ತಿರುಗಿದಾಗೆಲ್ಲ ಹಾಗೇ ಕೆಮ್ಮುತ್ತೆ. ಅಡಿ ತೊಲೆ ಸವೆದುಹೋಗಿದೆ. ನಾವು ದಿನಾ ಕೇಳ್ತೀವಿ. ನಿಂಗೆ ಗೊತ್ತಿಲ್ವಾ?”

ಹೇಗೆ ಗೊತ್ತಿರಬೇಕು? ಒಂದು ದಿನವಾದರೂ ಒಳಗೆ ಕೂತಿದ್ದರೆ ತಾನೇ.

ಗಾರ್ಡು ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿದ. “ಚೈನ್ ಎಳೆದ ಮೇಲೆ ಕಾರಣ ಬರೀಲೇಬೇಕು. ಸದ್ದು ಡಬ್ಬಿದಾದ್ರೂ ನೀನು ಎಳೆದದ್ದು ಹಳಿ ಸಡಿಲ ಅಂತ ತಾನೇ. ಏನಂತ ಬರೀಲಿ?”

ಆಗಲೇ ಸೇತುವೆಯ ಬಾಯಿಂದ ಹಸಿರು ಬಾವುಟ ಹಿಡಿದ ಮಗಳು ಓಡಿ ಬರುತ್ತಿದ್ದದ್ದು ಕಂಡಿತು. ದಾರಿ ನೋಡಿ ಮುಗಿಸಿದವರು ಅಲ್ಲಿ ನಿಂತು ರೈಲನ್ನು ದಾಟಿಸಬೇಕು. ಠಣ್ಣಪ್ಪ ಗಾರ್ಡಿನ ತೋಳು ಹಿಡಿದ.

“ತಲೆ ಸುತ್ತು ಬಂತು ಅಂತ ಬರಿ. ಕಣಿವೆ ನೋಡಿ ಹೆದರ್ಕೊಂಡ ಅಂತ ಬರಿ.”

“ನೀನಾ? ಬಿರುಗಾಳಿಲಿ ಆ ಸೇತುವೆ ಮೇಲೆ ಕೂತು ಬೋಲ್ಟು ತಿರುಗಿಸಿದೋನು?”

“ಬರಿ ಅಂದ್ರೆ ಬರಿ, ಮಾರಾಯ. ಅವಳಿಗೆ ಮೂರು ದಿನ ಉಳಿದಿದೆ.”

ಗಾರ್ಡು ಅವನ ಮುಖ ನೋಡಿದ, ನಿಟ್ಟುಸಿರುಬಿಟ್ಟು ಬರೆಯತೊಡಗಿದ. ಅಷ್ಟರಲ್ಲಿ ಮಗಳು ಬಂದಳು. ಏದುಸಿರು. ಹಣೆಯ ಮೇಲೆ ಎಣ್ಣೆಯ ಗೀರು.

“ಯಾವ ಜೋಡು ಅಪ್ಪಾ? ಎಲ್ಲಿ ಸದ್ದು ಬಂತು?”

“ಸದ್ದೂ ಇಲ್ಲ ಏನೂ ಇಲ್ಲ ಕಣೇ. ನಂಗೇ ಯಾಕೋ ತಲೆ ಸುತ್ತು...”

“ಮತ್ತೆ ಕೈಯಲ್ಲಿ ಕಲ್ಲು ಯಾಕೆ?”

ಠಣ್ಣಪ್ಪ ಕಲ್ಲನ್ನು ಕೆಳಗೆ ಹಾಕಿದ. ಮಗಳು ಅಪ್ಪನನ್ನು ನೋಡಿದಳು, ಪುಸ್ತಕದಲ್ಲಿ ಅರ್ಧ ಬರೆದ ಸಾಲು ಓದಿದಳು. ಸುತ್ತಿಗೆ ತೆಗೆದುಕೊಂಡು ತಿರುವಿನ ಆ ತುದಿಯಿಂದ ಈ ತುದಿವರೆಗೆ ಪ್ರತಿ ಜೋಡಿಗೂ ಹೊಡೆಯುತ್ತಾ ಬಂದಳು. ಡಬ್ಬಿಗಳ ಅಡಿಗೂ ಬಗ್ಗಿ ಹೊಡೆದಳು. ಕಿಟಕಿಗಳಲ್ಲಿ ತಲೆಗಳು ಸಾಲಾಗಿ ನೋಡುತ್ತಿದ್ದವು. ಮುಗಿಸಿ ಬಂದು ಗಾರ್ಡಿಗೆ ಹೇಳಿದಳು:

“ಮಾಮ, ಅದನ್ನ ಹೊಡೆದುಹಾಕಿ. ‘ಹಳಿಯ ಬಗ್ಗೆ ಸಂಶಯ’ ಅಂತ ಬರೀರಿ. ಕೆಳಗೆ ‘ನೋಡಿದೆ, ಸರಿ ಇದೆ’ ಅಂತ ನಾನು ಸಹಿ ಹಾಕ್ತೀನಿ.”

“ಹುಚ್ಚು ಹಿಡೀತೇನೇ ನಿಂಗೆ?” ಠಣ್ಣಪ್ಪ ಅವಳ ಕೈ ಹಿಡಿದೆಳೆದ. “ಆ ಮೇಲ್ವಿಚಾರಕ ಇದಕ್ಕೇ ಕಾಯ್ತಿದಾನೆ. ಕೆಲಸ ಹೋಗುತ್ತೆ ಕಣೇ!”

“ಅಪ್ಪಾ, ನಿಂಗೆ ಸಂಶಯ ಬಂತು, ಎಳೆದೆ. ಅದು ಸರಿ. ನಾನಿದ್ರೂ ಎಳೀತಿದ್ದೆ. ಆದ್ರೆ ಇವತ್ತು ನನಗೋಸ್ಕರ ಈ ಪುಸ್ತಕದಲ್ಲಿ ಸುಳ್ಳು ಬರೆಸಿದ್ರೆ, ನಾಳೆ ನಾನು ‘ಸರಿ ಇದೆ’ ಅಂತ ಬರೆದಿದ್ದನ್ನ ಯಾರು ನಂಬ್ತಾರೆ? ಅವನು ಬರಲಿ. ಎಷ್ಟು ಸಲ ಬೇಕಾದ್ರೂ ಹೊಡೆದು ನೋಡಲಿ.” ಅವಳು ಗಾರ್ಡಿನ ಪೆನ್ನಿಗೆ ಕೈ ಚಾಚಿದಳು. “ನನ್ನ ಕೆಲಸಕ್ಕೆ ನಿನ್ನ ಸುಳ್ಳು ಬೇಕಾಗಿಲ್ಲ.”

ಗಾರ್ಡು ಹೊಡೆದುಹಾಕಿದ. ಹೊಸದಾಗಿ ಬರೆದ. ಠಣ್ಣಪ್ಪ ಸಹಿ ಮಾಡಿದ, ಮಗಳು ಸಹಿ ಮಾಡಿದಳು.

ಅದರ ಫಲವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೇಲ್ವಿಚಾರಕ ಮಾರನೇ ದಿನವೇ ಬಂದ, ಇಡೀ ಬೆಳಿಗ್ಗೆ ತಡಕಿದ, ಒಂದು ಬೋಲ್ಟಿನ ತಪ್ಪೂ ಸಿಗಲಿಲ್ಲ. ಆದರೂ ನಿಯಮ ನಿಯಮವೇ ಅಂತ ಅವಳ ಪರೀಕ್ಷೆಯ ಕಾಲವನ್ನು ಇನ್ನೂ ಮೂರು ತಿಂಗಳು ಎಳೆದ. ಅವಳು ಆ ಮೂರು ತಿಂಗಳೂ ನಡೆದಳು, ಆಮೇಲೆ ಕಾಯಂ ಆದಳು.

ಅವತ್ತು ತಿರುವಿನಲ್ಲಿ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಠಣ್ಣಪ್ಪ ಡಬ್ಬಿ ಹತ್ತಿದಾಗ ಎಲ್ಲರೂ ಅವನನ್ನೇ ನೋಡಿದರು. ಹೆಂಡತಿ ಬಯ್ಯಲಿಲ್ಲ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಟೋಪಿಯ ಹೆಂಗಸಿನ ಮುಖ ಬಿಳಿಚಿಕೊಂಡಿತ್ತು.

“ಮುಂದೆ ಸೇತುವೆ ಅಂತೆ. ಏನೂ ತೊಂದರೆ ಇಲ್ವಾ?”

“ಇಲ್ಲ ತಾಯಿ. ದಾರಿ ನೋಡ್ಕೊಳ್ಳೋರು ನೋಡಿ ಸಹಿ ಹಾಕಿದಾರೆ.”

“ಆ ಹುಡುಗಿನಾ? ಅವಳನ್ನ ನಂಬಬಹುದಾ?”

ಠಣ್ಣಪ್ಪ ಹೆಂಡತಿಯ ಪಕ್ಕ ಕೂತ. ರೈಲು ಕದಲಿತು, ಕಾಲ ಕೆಳಗೆ ಮುದಿ ಡಬ್ಬಿ ಕೆಮ್ಮಿತು.

“ನಾನು ನಂಬಲಿಲ್ಲ ತಾಯಿ,” ಅಂದ. “ನನ್ನ ಮಗಳು ಅವಳು. ಆದ್ರೂ ನಂಬಲಿಲ್ಲ. ನೀವು ನಂಬಿ.”