ಇನ್ಶೂರೆನ್ಸ್ ಬೇಡ ಮೇಡಂ

ಗೆಳೆಯರೇ, ವಿಮಾ ಕಚೇರಿಯಲ್ಲಿ ವಾಹನಗಳ ಕ್ಲೈಮ್ ನೋಡುವ ನಾನೇ ಇವತ್ತು ಬೆಳಿಗ್ಗೆ ಜೀವನ್ ಬಿಮಾ ನಗರದಲ್ಲಿ ರಿವರ್ಸ್ ತೆಗೆಯುವಾಗ, ನಿಂತಿದ್ದ ಕಾರೊಂದಕ್ಕೆ ಗುದ್ದಿದೆ. ಅದರ ಬಾಗಿಲು ನೆಗ್ಗಿತು. ಒಳಗಿದ್ದ ಹೆಂಗಸು ಇಳಿದು ಬಂದರು.

"ಇನ್ಶೂರೆನ್ಸ್ ಬೇಡ ಮೇಡಂ, ಪೊಲೀಸು, ಕೋರ್ಟು ಅಂತ ಅಲೀಬೇಕಾಗುತ್ತೆ. ನಾನೇ ರಿಪೇರಿ ಮಾಡಿಸ್ಕೊಡ್ತೀನಿ, ಇಲ್ಲೇ ಮುಗಿಸ್ಕೊಳ್ಳೋಣ" ಎಂದು ಬೇಡಿಕೊಂಡೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು.

"ಸರ್, ಹೋದ ತಿಂಗಳು ನಮ್ಮ ಯಜಮಾನ್ರು ನಿಮ್ಮ ಆಫೀಸಿಗೆ ಬಂದಿದ್ರು. ನಮ್ಮ ಕಾರಿಗೆ ಗುದ್ದಿದವನ ಜೊತೆ ಹೀಗೇ ರಾಜಿ ಮಾಡ್ಕೊಂಡು, ಅವನು ಕೈಕೊಟ್ಟ ಮೇಲೆ ಕ್ಲೈಮ್ ಕೇಳಿದ್ರು. ನಾನೂ ಪಕ್ಕದಲ್ಲೇ ಇದ್ದೆ. 'ರಸ್ತೇಲಿ ವ್ಯವಹಾರ ಮುಗಿಸ್ಕೊಳ್ಳೋರೆಲ್ಲ ಕಳ್ರು' ಅಂತ ನೀವು ಎಲ್ಲರೆದುರೂ ಅಂದ್ರಿ."

ಅಂದದ್ದು ನಿಜ.

"ರಿಪೇರಿ ಮಾಡಿಸ್ಕೊಡಿ, ಅಷ್ಟೇ ಸಾಕು" ಎಂದರು.

"ಮನೆಗೆ ಬಂದು ಯಜಮಾನ್ರ ಹತ್ರ ಕ್ಷಮೆ ಕೇಳ್ತೀನಿ ಮೇಡಂ" ಎಂದೆ.

"ಬೇಡ ಸರ್. ನಿಮ್ಮನ್ನ ನೋಡಿದ್ರೆ ಅವ್ರಿಗೆ ಮತ್ತೆ ಬಿ.ಪಿ. ಏರುತ್ತೆ."

ಬಾಗಿಲು ನೆಟ್ಟಗೆ ಮಾಡಿಸಲು ಮರ್ಫಿ ಟೌನಿನಲ್ಲಿ ಟಿಂಕರಿಂಗ್ ಅಂಗಡಿ ಸಿಕ್ಕಿತು. ಕ್ಷಮೆ ಸಿಗಲಿಲ್ಲ. ಅದಕ್ಕೆ ಕ್ಲೈಮ್ ಹಾಕಲು ನನಗೆ ಮುಖವೂ ಇಲ್ಲ.