ವಿಡಿಯೊದೊಳಗಿನ ನನ್ನ ದನಿ

ಈ ದೇಶದಲ್ಲಿ ಫುಟ್‌ಬಾಲ್ ಎಂಬ ಹೆಸರಿನ ಆಟಗಳೇ ಮೂರ್ನಾಲ್ಕಿವೆ. ನನ್ನ ಮಗ ಹುಡುಕಿ ಹುಡುಕಿ ಸಿಡ್ನಿಯಲ್ಲಿ ಯಾರೂ ನೋಡದ ಅಮೆರಿಕದ್ದನ್ನೇ ಆರಿಸಿಕೊಂಡ. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡು. ನಾಲ್ಕು ಸೆಕೆಂಡು ಆಟ, ಆಮೇಲೆ ಗುಂಪುಗೂಡಿ ಮೀಟಿಂಗು. ಮೀಟಿಂಗು ನೋಡಲು ನನಗೆ ನಾರ್ತ್ ಸಿಡ್ನಿಯ ಆಫೀಸೇ ಸಾಕಾಗಿತ್ತು.

ಅವನು ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಹಿಡಿದು, ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ತೀರ್ಮಾನಿಸಿ, ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ ಎಸೆಯಬೇಕಾದವನು. ಬೆಳಿಗ್ಗೆ ಯಾವ ಶರ್ಟು ಹಾಕುವುದೆಂದು ಹತ್ತು ನಿಮಿಷ ಯೋಚಿಸುವವನಿಗೆ ಈ ಕೆಲಸ ಕೊಟ್ಟ ಕೋಚ್‌ನ ಬುದ್ಧಿಗೆ ಏನನ್ನಬೇಕು? ತಂಡದಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕೂ ಇದ್ದ. ಮುಂದಿನ ಸೀಸನ್ನಿಗೆ ಇಬ್ಬರಲ್ಲಿ ಯಾರು ಮೊದಲಿಗ ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ಹತ್ತೊಂಬತ್ತರ ನನ್ನ ಮಗನಿಗೆ ಕೂತರೂ ನಿಂತರೂ ಅದೇ ಧ್ಯಾನ.

ಕೋಚ್‌ಗೆಂದು ಆಟದ ವಿಡಿಯೊ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರತಿ ಶನಿವಾರ ಕ್ವೇಕರ್ಸ್ ಹಿಲ್‌ನ ಮನೆಯಿಂದ ಹೊರಟು, ಮೈದಾನದ ಅಂಚಿನಲ್ಲಿ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ ನಿಲ್ಲುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ. ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಧಾರಾಳವಾಗಿ ಬಯ್ಯುತ್ತಿದ್ದೆ.

“ಕೈಯಾಗ ಜೀವ ಇಲ್ಲೇನಲೇ?”

“ಎಮ್ಮಿ ನಿಂತಂಗ ನಿಂತಾನ ನೋಡು.”

“ಇಂವನ್ನ ಆರಿಸಿದ್ರ ಟೀಮ್ ಉದ್ಧಾರ ಆದಂಗ.”

ಸುತ್ತಲಿದ್ದವರಿಗೆ ಕನ್ನಡ ಬಾರದು. ಮಗ ಮೈದಾನದ ನಡುವೆ ಇರುತ್ತಿದ್ದ. ನನಗೆ ಯಾರ ಹೆದರಿಕೆಯೂ ಇರಲಿಲ್ಲ.

ಸೀಸನ್ ಮುಗಿದ ಮೇಲೆ ಕ್ಲಬ್ಬಿನಲ್ಲಿ ಬಾರ್ಬೆಕ್ಯೂ ಇಟ್ಟುಕೊಂಡಿದ್ದರು. ಮುಂದಿನ ಸೀಸನ್ನಿನ ಮೊದಲ ಕ್ವಾರ್ಟರ್‌ಬ್ಯಾಕ್ ನನ್ನ ಮಗನೇ ಎಂದು ಕೋಚ್ ಹೇಳಿದ. ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂದುಕೊಳ್ಳುತ್ತಲೇ ಹೋಗಿ ಕೈ ಕುಲುಕಿದೆ. ಅವನು ಹಿಡಿದ ಕೈ ಬಿಡಲಿಲ್ಲ. ಪ್ರತಿ ಮಂಗಳವಾರ ಇಡೀ ತಂಡ ಕೂತು ನನ್ನ ವಿಡಿಯೊ ನೋಡುತ್ತಿತ್ತಂತೆ, ದನಿಯ ಸಮೇತ. ನನ್ನ ಮಾತು ಕೇಳಿಸಿದಾಗಲೆಲ್ಲ ಹುಡುಗರು ಅದರ ಅರ್ಥ ಕೇಳುತ್ತಿದ್ದರಂತೆ, ಮಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದನಂತೆ.

“ಮಗನ ಮೇಲೆ ಇಷ್ಟು ನಂಬಿಕೆ ಇಟ್ಟ ಅಪ್ಪನನ್ನು ನಾನು ನೋಡಿಲ್ಲ,” ಎಂದ ಕೋಚ್. “ಅವನು ಬಿದ್ದಾಗಲೂ ‘ಪರವಾಗಿಲ್ಲ, ಮುಂದಿನದು ಸರಿಹೋಗುತ್ತೆ’ ಅಂತೀರಂತೆ.”

ಐವತ್ತು ದಾಟಿದ ಮೇಲೆ ನನಗೆ ಅಷ್ಟು ನಾಚಿಕೆಯಾಗಿದ್ದು ಅದೇ ಮೊದಲು. ಒಂದಿಡೀ ಸೀಸನ್ ಮಗ ನನ್ನ ಬೈಗುಳವನ್ನು ಗೆಳೆಯರೆದುರು ಕೂತು ಕೇಳಿಸಿಕೊಂಡಿದ್ದ, ಮನೆಗೆ ಬಂದು ನನ್ನೊಡನೆ ಊಟ ಮಾಡಿದ್ದ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ಅವನೇ. “ಅವರಿಗೆ ಯಾಕ ಸುಳ್ಳ ಹೇಳಿದಿ?” ಎಂದು ಕೇಳಿದೆ.

“ನೀ ಅಂದಿದ್ದು ಹೇಳಿದ್ರ ಅವರು ನಿನ್ನ ಬಗ್ಗೆ ಏನ್ ತಿಳ್ಕೋತಿದ್ರು, ಅಪ್ಪಾ?”

ಎರಡು ಸಿಗ್ನಲ್ ದಾಟಿದ ಮೇಲೆ ಅವನೇ ಮಾತಾಡಿದ.

“ಮುಂದಿನ ಸೀಸನ್ನಿಗೆ ವಿಡಿಯೊ ತಗ್ಯಾಕ ಬ್ಯಾರೆಯವರನ್ನ ನೋಡೇನಿ. ನೀ ಬರೂದಾದ್ರ ಬಾ.”