ಹುಳುಮನೆಯ ಬಾಗಿಲಲ್ಲಿ ಖಾದರ್ ಸಾಹೇಬರು

ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಖಾದರ್ ಸಾಹೇಬರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಆ ಸದ್ದೇ ಅವರಿಗೆ ಪ್ರಾರ್ಥನೆ. "ಇಷ್ಟು ಬಾಯಿಗೂ ಅವನೇ ಉಣ್ಣಿಸ್ತಾನೆ, ಒಂದನ್ನೂ ಮರೆಯಲ್ಲ" ಎನ್ನುತ್ತಿದ್ದರು.

ಈ ಮಾತನ್ನು ನಾನು ಹೊರಗೆ ನಿಂತೇ ಕೇಳಿದವನು. ಶಿಡ್ಲಘಟ್ಟದ ಅಂಚಿನಲ್ಲಿ ನನ್ನ ದ್ರಾಕ್ಷಿ ತೋಟಕ್ಕೂ ಅವರ ಹಿಪ್ಪುನೇರಳೆಗೂ ನಡುವೆ ಒಂದು ಬದು ಮಾತ್ರ. ಊರೂರಿನ ಗಡಿ ಅಳೆದು ನಿವೃತ್ತನಾದ ನಾನು ಮೊದಲ ಸಲ ಅವರ ಹುಳುಮನೆಗೆ ಕಾಲಿಡಲು ಹೋದಾಗ ಅಡ್ಡ ಬಂದರು. "ನಶ್ಯದ ಕೈ ಸ್ವಾಮಿ, ಹುಳ ತಡ್ಕೊಳಲ್ಲ. ಅಲ್ಲೇ ನಿಂತ್ಕೊಳಿ." ಹೊಗೆಸೊಪ್ಪಿನ ಸೋಂಕು ಹುಳುವಿಗೆ ವಿಷವೆಂಬುದು ನಿಜ. ಆದರೆ ಏಳು ಜನ ಆಳುಗಳ ಎದುರು ಹೇಳಿದರು. ಒಬ್ಬಳು ನಕ್ಕಳು. ಆರು ವರ್ಷವಾದರೂ ಅವಳ ಸೀರೆಯ ಬಣ್ಣ ನನಗೆ ನೆನಪಿತ್ತು.

ಒಂದು ಬೆಳಗ್ಗೆ ದ್ರಾಕ್ಷಿಗೆ ಔಷಧಿ ಹೊಡೆಸುತ್ತಿದ್ದೆ. ಆಳು ಕೈ ತಡೆದು, ಗಾಳಿ ಸಾಬರ ಕಡೆ ತಿರುಗಿದೆ, ನಿಲ್ಲಿಸೋಣವೇ ಎಂದು ಕೇಳಿದ. ನಾನು ಗಾಳಿಯನ್ನು ನೋಡಿದೆ. ಹೊಡಿ ಎಂದೆ.

ನಾಲ್ಕನೆಯ ಜ್ವರ ಕಳೆದು, ಕೊನೆಯ ಪೊರೆ ಕಳಚಿ, ಗೂಡು ಕಟ್ಟಲು ನಾಲ್ಕೈದು ದಿನವಿದ್ದ ಹುಳುಗಳು ಔಷಧಿ ಬಿದ್ದ ಸೊಪ್ಪು ತಿಂದು ಹಸಿರು ಕಕ್ಕಿ ಸತ್ತವು. ಮನೆಯ ಜಗಲಿಯಲ್ಲಿ ನಾನು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಕುಳಿತೆ: ಹೊಡೆಸಿದ್ದು ನನ್ನ ಗಡಿಯೊಳಗೆ; ಗಾಳಿಗೆ ಹೊಣೆ ಯಾರು? ಸಾಹೇಬರು ಬಂದರು, ಮೆಟ್ಟಿಲ ಕೆಳಗೇ ನಿಂತರು.

"ಹೊಡೆಸುವಾಗ ಮೂಗಿಗೆ ಬಟ್ಟೆ ಕಟ್ಕೊಂಡಿದ್ರಾ ಸ್ವಾಮಿ? ಕೆಟ್ಟ ಔಷಧಿ ಅದು, ಎದೆಗಿಳೀತದೆ."

ಅಷ್ಟೇ ಹೇಳಿ ಹೊರಟರು. ಬೈದಿದ್ದರೆ ಇನ್ನೊಂದು ಅವಮಾನವೆಂದು ಎತ್ತಿಟ್ಟುಕೊಳ್ಳುತ್ತಿದ್ದೆ. ಅಂದಿನಿಂದ ಪೂಜೆಗೆ ಕುಳಿತರೆ ಆ ಪ್ರಶ್ನೆಯೇ ಕಿವಿಯಲ್ಲಿ.

ಸಾಹೇಬರು ವಿಷ ಬಿದ್ದ ಹಿಪ್ಪುನೇರಳೆಯನ್ನೆಲ್ಲ ಬುಡದವರೆಗೆ ಕತ್ತರಿಸಿದರು. ಮೂರನೆಯ ವಾರ, ತಡೆಯಲಾರದೆ ಬದು ದಾಟಿದೆ. ಬೋಳು ಬುಡಗಳ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಗಾಳಿ ಯಾವ ಕಡೆ ಅಂತ ನೋಡಿದ್ದೆ, ಸಾಹೇಬರೇ."

"ಗೊತ್ತು. ನಾನೂ ಈ ಕಡೆ ನಿಂತಿದ್ನಲ್ಲ. ಸೊಪ್ಪಿಗೆ ಬಿದ್ದಿದ್ದು ತಿಳಿಯೋ ಹೊತ್ಗೆ ಹುಳ ತಿಂದಾಗಿತ್ತು." ತಲೆ ಎತ್ತಲಿಲ್ಲ. ನನ್ನ ಕೈ ಹಿಡಿದು ಕೂರಿಸಿ, ಬೆರಳನ್ನು ಒಂದು ಬುಡದ ಮೇಲಿಟ್ಟರು. ತೊಗಟೆ ಸೀಳಿ ಚಿಗುರು ಒದ್ದೆಯಾಗಿ ಎದ್ದಿತ್ತು. "ಕುಯ್ದೋನು ಯಾರು ಅಂತ ಇದು ಕೇಳ್ತದಾ? ಮೇಲಿರೋನು ಇಷ್ಟು ಪ್ರೀತಿ ಸುರೀತಾವ್ನೆ. ನೀವೂ ಸ್ವಲ್ಪ ತಗೊಳ್ರಪ್ಪ."

ಮಣ್ಣಿನಲ್ಲಿ ಕುಳಿತು ಅತ್ತೆ. ಎದ್ದಾಗ ಎದೆ ಹಗುರಾಗಿತ್ತು; ಅದಕ್ಕೆ ನಾನು ಅರ್ಹನಾಗಿರಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಮುಂದಿನ ಬೆಳೆಯ ಹುಳುಗಳು ಬರುವ ಮೊದಲೇ ಸಾಹೇಬರು ತೀರಿಕೊಂಡರು. ಈಗ ಅವರ ಸೊಸೆ ಹುಳು ಸಾಕುತ್ತಾಳೆ. ನನಗಾದ ಅವಮಾನಗಳಲ್ಲಿ ಆ ನಶ್ಯದ ಮಾತೊಂದನ್ನುಳಿದು ಮಿಕ್ಕವೆಲ್ಲ ಇನ್ನೂ ಚುಚ್ಚುತ್ತವೆ. ಸೊಪ್ಪು ಹಾಕುವ ಹೊತ್ತಿಗೆ ನಶ್ಯದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಸೀಗೆಪುಡಿಯಲ್ಲಿ ಎರಡು ಸಲ ಕೈ ತೊಳೆದು ಹೋಗುತ್ತೇನೆ. ಸೊಸೆ ಒಳಗೆ ಬನ್ನಿ ಎನ್ನುತ್ತಾಳೆ. ನಾನು ಸಾಹೇಬರು ನಿಲ್ಲಿಸಿದ ಜಾಗದಲ್ಲೇ ನಿಂತು, ಕಣ್ಣು ಮುಚ್ಚುತ್ತೇನೆ.